ಕಿಟಕಿಯಿಂದ ಬೀದಿಯ ಚಿತ್ರ: ಪಿಸ್ಸಾರೊ ಅವರಿಂದ ನಾನು ಕಲಿತದ್ದು

ಕಮೀಲ್ ಪಿಸ್ಸಾರೊ ಬಾಳಿನ ಬಹುಭಾಗ ಬಯಲಲ್ಲಿ ನಿಂತು ಚಿತ್ರ ಬರೆದವರು. 1874ರಿಂದ 1886ರವರೆಗೆ ಪ್ಯಾರಿಸ್ಸಿನಲ್ಲಿ ನಡೆದ ಎಂಟೂ ಇಂಪ್ರೆಷನಿಸ್ಟ್ (ಆ ಕ್ಷಣದ ಬೆಳಕು, ಬಣ್ಣಗಳನ್ನು ಹಿಡಿಯಹೊರಟ ಚಿತ್ರಕಾರರ ಪಂಥ) ಪ್ರದರ್ಶನಗಳಲ್ಲಿ ಭಾಗವಹಿಸಿದ ಏಕೈಕ ಕಲಾವಿದರು. ಇಳಿವಯಸ್ಸಿನಲ್ಲಿ ಕಣ್ಣಿನ ಸೋಂಕು ಮರುಕಳಿಸುತ್ತ ಗಾಳಿ, ಧೂಳು ತಡೆಯಲಾಗದಂತಾದಾಗ ಅವರು ಹೋಟೆಲಿನ ಮೇಲ್ಮಹಡಿಗಳಲ್ಲಿ ಕೋಣೆ ಹಿಡಿದು, ಕಿಟಕಿಯ ಒಳಗಿನಿಂದಲೇ ಬೀದಿಗಳನ್ನು ಚಿತ್ರಿಸತೊಡಗಿದರು. ಧೂಳಿನ ಅಲರ್ಜಿಯಿಂದಾಗಿ ನಾನು ಹೊರಗೆ ಈಸೆಲ್ (ಕ್ಯಾನ್ವಾಸು ನಿಲ್ಲಿಸುವ ಕಾಲುಗಳ ಚೌಕಟ್ಟು) ಹೂಡುವುದನ್ನು ಬಿಡಬೇಕಾದಾಗ ದಾರಿ ತೋರಿದ್ದು ಅವರ ಈ ಕೊನೆಯ ವರ್ಷಗಳ ಕೆಲಸ.

1897ರಲ್ಲಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಅವರು ಪ್ಯಾರಿಸ್ಸಿನ ಬೂಲೆವಾರ್ ಮೊಂಮಾರ್ತ್ರ ಎಂಬ ಒಂದೇ ರಸ್ತೆಯನ್ನು ಮಂಜು, ಮಳೆ, ಬಿಸಿಲು, ಕಾರ್ನಿವಲ್ ಮೆರವಣಿಗೆ ಹೀಗೆ 14 ಕ್ಯಾನ್ವಾಸುಗಳಲ್ಲಿ ಹಿಡಿದರು. ನಾನೂ ಮಹಡಿಯ ಕೋಣೆಯಲ್ಲಿ ಈಸೆಲ್‌ನ ಕಾಲುಗಳಿಗೆ ನೆಲದ ಮೇಲೆ ಗುರುತು ಹಾಕಿಕೊಂಡು, ಬೆಳಗಿಗೊಂದು, ಸಂಜೆಗೊಂದು, ಮೋಡಕ್ಕೊಂದು ಎಂದು ಕ್ಯಾನ್ವಾಸುಗಳನ್ನು ಬೇರೆಬೇರೆ ಇಟ್ಟುಕೊಂಡೆ. ಬೆಳಕು ಬದಲಾದ ಕೂಡಲೇ ಕುಂಚವನ್ನು ಕೆಳಗಿಡಬೇಕು. ಸಂಜೆಯ ಕೆಂಪನ್ನು ಬೆಳಗಿನ ಚಿತ್ರಕ್ಕೆ ಸೇರಿಸುವ ಆಸೆಯನ್ನು ಅದುಮಿಕೊಳ್ಳುವುದೇ ಈ ಕ್ರಮದ ಕಠಿಣ ಭಾಗವೆಂದು ನನ್ನ ಅನುಭವ.

ಮೇಲಿನಿಂದ ನೋಡಿದಾಗ ಜನರಿಗೆ ಮುಖವಿರುವುದಿಲ್ಲ, ಚಲನೆ ಮಾತ್ರ ಇರುತ್ತದೆ. ಆದ್ದರಿಂದ ಒಬ್ಬೊಬ್ಬರಿಗೂ ಎರಡು ಮೂರು ಗೀಟು ಸಾಕು, ಆದರೆ ನೆರಳು ಎಲ್ಲರಿಗೂ ಒಂದೇ ದಿಕ್ಕಿಗೆ ಬೀಳಬೇಕು. ನೆರಳಿಗೆ ಕಪ್ಪು ಬಳಸದೆ ಕೋಬಾಲ್ಟ್ ನೀಲಿಗೆ ತುಸು ಅಲಿಜರಿನ್ ಕೆಂಪು ಬೆರೆಸುತ್ತೇನೆ. ಹಸಿ ಬಣ್ಣದ ಮೇಲೆಯೇ ಹಚ್ಚಿದರೆ ಅಂಚು ಮೃದುವಾಗುತ್ತದೆ.

ನನ್ನನ್ನು ಅತಿ ಹೆಚ್ಚು ಕಾಲ ಹಿಡಿದಿಟ್ಟದ್ದು ಆ ಸರಣಿಯ ಒಂದೇ ಒಂದು ರಾತ್ರಿಯ ಚಿತ್ರ. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಅದಕ್ಕೆ ಪಿಸ್ಸಾರೊ ಸಹಿ ಹಾಕಲಿಲ್ಲ, ತಮ್ಮ ಜೀವಿತಾವಧಿಯಲ್ಲಿ ಪ್ರದರ್ಶಿಸಲೂ ಇಲ್ಲ. ವಿದ್ಯುತ್ ಬೀದಿದೀಪಗಳ ತಣ್ಣನೆಯ ಬಿಳುಪು, ಅಂಗಡಿಗಳ ಗ್ಯಾಸ್ ಬೆಳಕಿನ ಕಿತ್ತಳೆ, ಒದ್ದೆ ರಸ್ತೆಯಲ್ಲಿ ಅವೆರಡರ ಪ್ರತಿಬಿಂಬ: ಇಷ್ಟನ್ನು ಅವರು ಬಿಡಿಬಿಡಿ ಗೀಟುಗಳಲ್ಲಿ ನಿಲ್ಲಿಸಿದ್ದಾರೆ. ನಮ್ಮ ಬೀದಿಯಲ್ಲೂ ಎಲ್‌ಇಡಿ ದೀಪದ ಬಿಳುಪಿಗೆ ಅಂಗಡಿಯ ಹಳದಿ ಬಲ್ಬುಗಳು ಎದುರಾಗುತ್ತವೆ. ಮಳೆ ನಿಂತ ರಾತ್ರಿಗಳಲ್ಲಿ ಕೋಣೆಯ ದೀಪ ಆರಿಸಿ, ಪ್ಯಾಲೆಟ್ಟಿನ ಮೇಲೆ ಮಾತ್ರ ಸಣ್ಣದೊಂದು ಬೆಳಕು ಬೀಳುವಂತೆ ಮಾಡಿಕೊಂಡು, ಬಣ್ಣಗಳನ್ನು ಎಂದಿನ ಕ್ರಮದಲ್ಲೇ ಜೋಡಿಸಿಕೊಳ್ಳುತ್ತೇನೆ. ಮಂದ ಬೆಳಕಿನಲ್ಲಿ ನೀಲಿಯೂ ಹಸಿರೂ ಒಂದೇ ಎನಿಸುವುದರಿಂದ, ಬಣ್ಣವನ್ನು ಆಗ ಅದರ ಜಾಗದಿಂದಲೇ ಗುರುತಿಸಬೇಕಾಗುತ್ತದೆ.