ಮಳೆ ಕಿತ್ತ ರಸ್ತೆಯಲ್ಲಿ ಸೈಕಲ್: ನಾನು ಕಲಿತದ್ದು

ಬಿರುಗಾಳಿ ಮಳೆ ಎರಡು ದಿನ ಹೊಡೆದು ಹೋದ ಮೇಲೆ ನಾನು ದಿನಾ ಸೈಕಲ್ ತುಳಿಯುವ ಏಳು ಕಿಲೋಮೀಟರ್ ದಾರಿಯ ಗುರುತೇ ಸಿಗದ ಹಾಗಾಗಿತ್ತು. ಡಾಂಬರು ಕಿತ್ತು ಜಲ್ಲಿ ಹರಡಿತ್ತು, ತಗ್ಗಿದ್ದಲ್ಲೆಲ್ಲ ಕೆಸರು, ಅಲ್ಲಲ್ಲಿ ಮುರಿದ ಕೊಂಬೆ. ಮೊದಲ ವಾರದಲ್ಲೇ ಮೂರು ಪಂಕ್ಚರ್, ಮೂರೂ ಹಿಂದಿನ ಚಕ್ರಕ್ಕೆ. ಟ್ಯೂಬ್ ತೆಗೆದು ನೀರಲ್ಲಿ ಅದ್ದಿದರೆ ಅಕ್ಕಪಕ್ಕ ಎರಡು ಕಡೆಯಿಂದ ಗುಳ್ಳೆ ಬರುತ್ತಿತ್ತು. ಹಾವು ಕಚ್ಚಿದ ಗುರುತಿನಂಥ ಎರಡು ಸೀಳು. ಮೊಳೆಯೂ ಅಲ್ಲ, ಗಾಜೂ ಅಲ್ಲ. ಗುಂಡಿಯ ಅಂಚಿಗೆ ಟೈರ್ ಅಪ್ಪಚ್ಚಿಯಾಗಿ, ಟ್ಯೂಬ್ ರಿಮ್ಮಿನ ಎರಡು ಅಂಚಿಗೆ ಸಿಕ್ಕಿ ಸೀಳಿತ್ತು.

ಆಗ ನಾನು ಮಾಡಿದ ತಪ್ಪು, ಗಾಳಿ ಇನ್ನೂ ಜಾಸ್ತಿ ತುಂಬಿಸಿದ್ದು. ನನ್ನದು 28 ಮಿಲಿಮೀಟರ್ ಅಗಲದ ಟೈರ್, ಅದಕ್ಕೆ 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆದೆ. ಪಂಕ್ಚರ್ ನಿಂತಿತು, ನಿಜ. ಆದರೆ ಚಕ್ರ ಪ್ರತಿ ಕಲ್ಲಿಗೂ ಪುಟಿಯತೊಡಗಿತು. ಪುಟಿದ ಚಕ್ರ ನೆಲ ಹಿಡಿಯುವುದಿಲ್ಲ. ಒಂದು ಸಂಜೆ ಜಲ್ಲಿ ಹರಡಿದ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಮೊಣಕೈ ಕೆತ್ತಿಹೋಯಿತು.

ಗಾಯ ಮಾಗುವಷ್ಟರಲ್ಲಿ ಟೈರ್ ಬದಲಿಸಿದೆ. ಮುಂದಿನ ಚಕ್ರ ಹಿಡಿಯುವ ಕವಲಿನಲ್ಲಿ (ಫೋರ್ಕ್), ಹಿಂದೆ ಫ್ರೇಮಿನಲ್ಲಿ ಎಷ್ಟು ಜಾಗ ಇದೆ ಅಂತ ಮೊದಲು ಅಳೆದೆ. ಅಗಲದ ಟೈರ್ ಹಾಕಿದ ಮೇಲೂ ಎರಡೂ ಪಕ್ಕ ಐದಾರು ಮಿಲಿಮೀಟರ್ ಬಿಡುವಿರಬೇಕು, ಇಲ್ಲದಿದ್ದರೆ ಕೆಸರು ಮೆತ್ತಿ ಚಕ್ರವೇ ನಿಲ್ಲುತ್ತದೆ. 38 ಮಿಲಿಮೀಟರ್‌ನದು ಕೂತಿತು. ಅಗಲದ ಟೈರಿಗೆ ಕಡಿಮೆ ಒತ್ತಡ ಸಾಕು: ಮುಂದೆ 45, ಹಿಂದೆ 50 ಪಿಎಸ್‌ಐ. ನನ್ನ ತೂಕ ಎಪ್ಪತ್ತು ಕಿಲೋ, ಭಾರ ಇದ್ದವರಿಗೆ ಇನ್ನಷ್ಟು ಬೇಕು. ಮೊದಲ ದಿನವೇ ಅದೇ ರಸ್ತೆ ಬೇರೆ ರಸ್ತೆಯ ಹಾಗೆ ಅನಿಸಿತು. ಡನ್‌ಲಪ್ 1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದು ಯಾಕೆ ಅಂತ ನನ್ನ ಅಂಗೈಗೆ ಅವತ್ತು ಅರ್ಥವಾಯಿತು.

ಟೈರಿನಷ್ಟೇ ಮುಖ್ಯ ಮೈ ಹಿಡಿಯುವ ರೀತಿ. ಗುಂಡಿ ತಪ್ಪಿಸಲು ಆಗದಿದ್ದರೆ ಎರಡೂ ಪೆಡಲ್ ಒಂದೇ ಮಟ್ಟಕ್ಕೆ ತಂದು, ಸೀಟಿನಿಂದ ಸ್ವಲ್ಪ ಎದ್ದು, ಮೊಣಕೈ ಮೊಣಕಾಲು ಮಡಿಸಿ ಸಡಿಲ ಬಿಡುತ್ತೇನೆ. ಬ್ರೇಕ್ ಹಾಕುವುದಿದ್ದರೆ ಗುಂಡಿಗೆ ಮೊದಲೇ. ಅಂಚಿಗೆ ಬಂದಾಗ ಬೆರಳು ಬಿಟ್ಟಿರಬೇಕು. ಬ್ರೇಕ್ ಹಿಡಿದೇ ಇಳಿದರೆ ಮೈ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬಿದ್ದು ಅದು ಅಂಚಿಗೆ ಗುದ್ದುತ್ತದೆ. ಕಣ್ಣು ಗುಂಡಿಯ ಮೇಲಲ್ಲ, ಪಕ್ಕದ ದಾರಿಯ ಮೇಲಿರಬೇಕು. ನೋಡಿದ ಕಡೆಗೇ ಸೈಕಲ್ ಹೋಗುತ್ತದೆ. ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಎಳೆಯುವುದನ್ನಂತೂ ಪೂರ್ತಿ ಬಿಟ್ಟಿದ್ದೇನೆ, ಹಿಂದೆ ಬರುವ ಗಾಡಿಗೆ ಅದು ಗೊತ್ತಾಗುವುದಿಲ್ಲ. ದೂರದಲ್ಲೇ ಹಿಂದೆ ತಿರುಗಿ ನೋಡಿ, ಕೈ ತೋರಿಸಿ, ನಿಧಾನಕ್ಕೆ ಸರಿಯುತ್ತೇನೆ.

ನಿಂತ ನೀರನ್ನು ನಾನು ನಂಬುವುದಿಲ್ಲ. ಒಣಗಿದ್ದಾಗ ನಾನೇ ಕಣ್ಣಾರೆ ಕಾಣದ ಜಾಗಕ್ಕೆ ಚಕ್ರ ಇಳಿಸುವುದಿಲ್ಲ. ನೀರು ಒಂದು ಕಡೆ ಸುಳಿ ತಿರುಗುತ್ತಿದ್ದರೆ ಕೆಳಗೆ ಚರಂಡಿಯ ಬಾಯಿ ತೆರೆದಿರಬಹುದು. ಇಳಿದು, ಬಳಸಿಕೊಂಡು ತಳ್ಳಿಕೊಂಡು ಹೋಗುತ್ತೇನೆ. ತಂತಿ ಹರಿದು ಬಿದ್ದಿದ್ದರೆ, ಅದು ನೀರಿಗೆ ತಾಗಿದ್ದರೆ, ವಾಪಸ್. ಎಷ್ಟೇ ತಡವಾದರೂ ವಾಪಸ್.

ದಿನಾ ಹೋಗುತ್ತಾ ಇನ್ನೊಂದು ಗಮನಿಸಿದೆ. ಬಿಸಿಲು ಬಂದ ಮೇಲೆ ಡಾಂಬರಿನ ಸೀಳಿನುದ್ದಕ್ಕೂ ನಯವಾದ ಮಣ್ಣಿನ ಕಲೆ ಕಾಣುತ್ತದೆ. ಸೀಳಿನಿಂದ ಇಳಿದ ನೀರನ್ನು ಗಾಡಿಗಳ ಭಾರ ಮತ್ತೆ ಮೇಲಕ್ಕೆ ಒತ್ತುತ್ತದೆ, ಆ ನೀರಿನ ಜೊತೆ ಅಡಿಯ ಮಣ್ಣೂ ಬರುತ್ತದೆ. ಮೇಲೆ ರಸ್ತೆ ಗಟ್ಟಿ ಕಂಡರೂ ಕೆಳಗೆ ಟೊಳ್ಳು. ಅಂಥ ಕಲೆ ಕಂಡ ಮೂರು ಜಾಗಗಳಲ್ಲಿ ಎರಡು, ಮುಂದಿನ ಮಳೆಗೆ ಗುಂಡಿಯಾದವು. ಈಗ ಹೊಸ ಗುಂಡಿಯ ಅಂಚಿನಿಂದಲೂ ಒಂದು ಮೊಳ ದೂರವೇ ಹೋಗುತ್ತೇನೆ.

ಮನೆಗೆ ಬಂದ ಮೇಲೆ ಹತ್ತು ನಿಮಿಷ ಸೈಕಲ್ಲಿಗೇ ಮೀಸಲು. ಚೈನ್ ಒರೆಸಿ ಎಣ್ಣೆ. ಬ್ರೇಕಿನ ರಬ್ಬರಿನಲ್ಲಿ ಹೊಳೆಯುವ ಚೂರುಗಳಿದ್ದರೆ ಸೂಜಿಯಿಂದ ಕೀಳುತ್ತೇನೆ. ಅವು ರಿಮ್ಮಿನದೇ ಅಲ್ಯೂಮಿನಿಯಂ, ಬಿಟ್ಟರೆ ರಿಮ್ಮನ್ನೇ ಉಜ್ಜುತ್ತವೆ. ಜೋರು ಮಳೆಯಲ್ಲಿ ತುಳಿದ ದಿನ ಸೀಟಿನ ಕಂಬ ಹೊರತೆಗೆದು ಸೈಕಲನ್ನು ತಲೆಕೆಳಗು ಮಾಡುತ್ತೇನೆ. ಮೊದಲ ಸಲ ಫ್ರೇಮಿನ ಕೊಳವೆಯೊಳಗಿಂದ ಒಂದು ಲೋಟದಷ್ಟು ಕಂದು ನೀರು ಸುರಿದಿತ್ತು. ಅಷ್ಟೂ ನೀರು ಪೆಡಲ್ ತಿರುಗುವ ಬೇರಿಂಗಿನ ಮೇಲೆ ನಿಂತಿತ್ತು.

ಕೊನೆಗೆ ಸ್ಪೋಕ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟುತ್ತೇನೆ. ಮೊನ್ನೆ ಹಿಂದಿನ ಚಕ್ರದಲ್ಲಿ ಒಂದು ಟಿಣ್ ಅನ್ನದೆ ಮಂಕಾಗಿ ಸದ್ದು ಕೊಟ್ಟಿತು. ಕಾಲು ಸುತ್ತು ಬಿಗಿ ಮಾಡಿ, ಚಕ್ರ ತಿರುಗಿಸಿ ಬ್ರೇಕಿಗೆ ತಾಗುತ್ತಿಲ್ಲ ಅಂತ ನೋಡಿ, ಬಾಗಿಲ ಪಕ್ಕ ನಿಲ್ಲಿಸಿದೆ.