ಕ್ಯೂ ಖಾಲಿ ಕಂಡರೂ ಕೆಲಸ ನಿಂತಿರಬಹುದು: ರ‍್ಯಾಬಿಟ್‌ಎಂಕ್ಯೂ ಮಾನಿಟರಿಂಗ್, ನನ್ನ ಅನುಭವ

ನಮ್ಮಲ್ಲಿ ಒಂದು ಆರ್ಡರ್ ಬಂದರೆ ಹಿಂದೆ ಮೂರು ಕೆಲಸ ಆಗಬೇಕು. ಗ್ರಾಹಕರಿಗೆ ಎಸ್ಸೆಮ್ಮೆಸ್ ಹೋಗಬೇಕು, ಬಿಲ್ ತಯಾರಾಗಬೇಕು, ಗೋಡೌನಿಗೆ ಸುದ್ದಿ ಮುಟ್ಟಬೇಕು. ಮೂರಕ್ಕೂ ರ‍್ಯಾಬಿಟ್‌ಎಂಕ್ಯೂ ಎಂಬ ಮೆಸೇಜ್ ಸರ್ವರಿನಲ್ಲಿ ಬೇರೆ ಬೇರೆ ಕ್ಯೂ (ಮೆಸೇಜುಗಳು ಕಾಯುವ ಸಾಲು) ಇದೆ. ವೆಬ್‌ಸೈಟ್ ಮೆಸೇಜ್ ಹಾಕಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಅನುಕೂಲ ಇರುವುದೂ ಇದರಲ್ಲೇ, ಕಷ್ಟ ಇರುವುದೂ ಇದರಲ್ಲೇ. ಹಿಂದೆ ಮೆಸೇಜ್ ಎತ್ತಿಕೊಂಡು ಕೆಲಸ ಮಾಡುವ ಪ್ರೋಗ್ರಾಂ, ಅಂದರೆ ವರ್ಕರ್, ಸತ್ತು ಬಿದ್ದಿದ್ದರೂ ಮುಂದೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಯಾರಾದರೂ ಫೋನ್ ಮಾಡಿ "ಮೆಸೇಜೇ ಬಂದಿಲ್ವಲ್ರೀ" ಅನ್ನುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಆ ಫೋನ್ ಬರುವ ಮೊದಲೇ ನಮಗೆ ತಿಳಿಯಬೇಕು ಎಂದು ಈ ಕೆಲಸ ಕೈಗೆ ತೆಗೆದುಕೊಂಡೆ.

ಅಳವಡಿಸುವುದು ಸುಲಭ. 3.8ನೇ ಆವೃತ್ತಿಯಿಂದ ಪ್ರೊಮೀಥಿಯಸ್ (ಸರ್ವರುಗಳ ಅಂಕಿ ಸಂಗ್ರಹಿಸಿಡುವ ಸಾಫ್ಟ್‌ವೇರ್) ಪ್ಲಗಿನ್ ಸರ್ವರ್ ಜೊತೆಗೇ ಬರುತ್ತದೆ. ಎನೇಬಲ್ ಮಾಡಿದರೆ ಸಾಕು, ರೀಸ್ಟಾರ್ಟ್ ಬೇಡ, 15692ನೇ ಪೋರ್ಟಿನಲ್ಲಿ ಅಂಕಿಗಳು ಸಿಗುತ್ತವೆ. ಈ ಪೋರ್ಟಿಗೆ ತಾನಾಗಿ ಪಾಸ್‌ವರ್ಡ್ ಇರುವುದಿಲ್ಲ. ಹಾಗಾಗಿ ಫೈರ್‌ವಾಲಿನಲ್ಲಿ ಪ್ರೊಮೀಥಿಯಸ್ ಮಷಿನ್ನಿಗೆ ಮಾತ್ರ ದಾರಿ ಬಿಟ್ಟೆ. ಹದಿನೈದು ಸೆಕೆಂಡಿಗೊಮ್ಮೆ ಅಂಕಿ ಎತ್ತಿಕೊಳ್ಳಲು ಹೇಳಿದೆ. ಆ ಅಂಕಿಗಳನ್ನು ಗ್ರಾಫ್ ಮಾಡಿ ತೋರಿಸುವ ಗ್ರಾಫಾನಾದಲ್ಲಿ ರ‍್ಯಾಬಿಟ್‌ಎಂಕ್ಯೂ ತಂಡದವರೇ ಮಾಡಿಟ್ಟ ಡ್ಯಾಶ್‌ಬೋರ್ಡ್ ಇದೆ, ಅದರ ನಂಬರ್ 10991. ಇಂಪೋರ್ಟ್ ಮಾಡಿದ ತಕ್ಷಣ ಒಂದು ಪರದೆ ತುಂಬ ಗ್ರಾಫ್ ಬರುತ್ತದೆ.

15672ನೇ ಪೋರ್ಟಿನಲ್ಲಿ ಮ್ಯಾನೇಜ್ಮೆಂಟ್ ಪುಟ ಇದೆಯಲ್ಲ, ಅದು ಸಾಲದಾ ಎಂದು ತಂಡದಲ್ಲಿ ಕೇಳಿದರು. ಈಗ ಏನಾಗುತ್ತಿದೆ ಎಂದು ನೋಡಲು ಅದು ಚೆನ್ನಾಗಿದೆ. ಆದರೆ ಅದು ಓಡುವುದು ಅದೇ ಸರ್ವರಿನೊಳಗೆ. ಸರ್ವರ್ ಏದುಸಿರು ಬಿಡುವಾಗ ಆ ಪುಟವೂ ತೆರೆಯುವುದಿಲ್ಲ. ಹೋದ ವಾರದ ಲೆಕ್ಕವೂ ಅಲ್ಲಿ ಸಿಗುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪ್ಲಗಿನ್ ತಾನಾಗಿ ಕೊಡುವುದು ಎಲ್ಲ ಕ್ಯೂಗಳನ್ನೂ ಕೂಡಿಸಿದ ಮೊತ್ತ. ಬಿಲ್ ಕ್ಯೂ ಸರಾಗವಾಗಿ ಓಡುತ್ತ ಎಸ್ಸೆಮ್ಮೆಸ್ ಕ್ಯೂ ನಿಂತಿದ್ದರೆ ಮೊತ್ತದಲ್ಲಿ ಅದು ಮುಚ್ಚಿಹೋಗುತ್ತದೆ. ಪ್ರತಿ ಕ್ಯೂ, ಸರ್ವರ್ ಜೊತೆಗಿನ ಸಂಪರ್ಕದ ದಾರಿಯಾದ ಪ್ರತಿ ಚಾನೆಲ್‌ನ ಎಲ್ಲ ಅಂಕಿಯನ್ನೂ ಕೇಳಬಹುದು, ಆದರೆ ಸಾವಿರಾರು ಕ್ಯೂ ಇರುವ ಕಡೆ ಅದು ಸರ್ವರಿಗೂ ಪ್ರೊಮೀಥಿಯಸ್‌ಗೂ ದೊಡ್ಡ ಹೊರೆ. ನಡುವೆ 'ಡೀಟೇಲ್ಡ್' ಎಂಬ ದಾರಿ ಇದೆ. ಬೇಕಾದ ಗುಂಪನ್ನು ಮಾತ್ರ ಕೇಳಿದರೆ ಅಷ್ಟನ್ನೇ ಕೊಡುತ್ತದೆ. ನಾನು ಎರಡು ಗುಂಪು ಆರಿಸಿಕೊಂಡೆ: ಕ್ಯೂನಲ್ಲಿ ಎಷ್ಟು ಮೆಸೇಜ್ ಇದೆ ಎನ್ನುವುದು, ಅದನ್ನು ಎತ್ತಿಕೊಳ್ಳಲು ಎಷ್ಟು ಕನ್ಸ್ಯೂಮರ್ (ಅಂದರೆ ಆ ಕ್ಯೂಗೆ ಸೇರಿಕೊಂಡ ವರ್ಕರ್) ಕೂತಿದ್ದಾರೆ ಎನ್ನುವುದು. ನಮ್ಮ ಕೆಲಸಕ್ಕೆ ಇಷ್ಟು ಸಾಕಾಯಿತು.

ಮೆಸೇಜ್ ಲೆಕ್ಕದಲ್ಲಿ ಎರಡು ಬಗೆ. ಯಾರೂ ಎತ್ತಿಕೊಳ್ಳದೆ ಕಾಯುತ್ತಿರುವುದು 'ರೆಡಿ'. ವರ್ಕರ್ ಎತ್ತಿಕೊಂಡು, ಮುಗಿಯಿತು ಎಂದು ಇನ್ನೂ ಆ್ಯಕ್ ಕಳಿಸದೆ ಇರುವುದು 'ಅನ್‌ಆ್ಯಕ್ಡ್'. ಸಾಮಾನ್ಯವಾಗಿ ಎಲ್ಲರೂ ರೆಡಿ ಮೇಲೆ ಅಲರ್ಟ್ ಇಡುತ್ತಾರೆ. ಅದು ಯಾಕೆ ಸಾಲದು ಎಂದು ಎಸ್ಸೆಮ್ಮೆಸ್ ಕ್ಯೂ ನನಗೆ ತೋರಿಸಿತು.

ಒಂದು ಸಂಜೆ ಆ ಗ್ರಾಫ್ ನೋಡುತ್ತಿದ್ದೆ. ರೆಡಿ ಸೊನ್ನೆ. ಕನ್ಸ್ಯೂಮರ್‌ಗಳು ಎಲ್ಲರೂ ಹಾಜರ್. ಸಿಪಿಯು ತಣ್ಣಗೆ. ಆದರೆ ಅನ್‌ಆ್ಯಕ್ಡ್ ಗೆರೆ ಗರಗಸದ ಹಲ್ಲಿನ ಹಾಗೆ ಇತ್ತು: ಮೆಲ್ಲಗೆ ಏರುತ್ತದೆ, ಧಡಕ್ಕೆಂದು ಬೀಳುತ್ತದೆ, ಕೂಡಲೇ ಮತ್ತೆ ಮೇಲೆ ಹತ್ತುತ್ತದೆ. ಎರಡು ಹಲ್ಲಿನ ನಡುವೆ ಸುಮಾರು ಅರ್ಧ ಗಂಟೆ. ಆ ಅರ್ಧ ಗಂಟೆಯೇ ಸುಳಿವು. 3.8.17ರಿಂದೀಚೆಗೆ ವರ್ಕರ್ 30 ನಿಮಿಷದೊಳಗೆ ಆ್ಯಕ್ ಕೊಡದಿದ್ದರೆ ಸರ್ವರ್ ಆ ಚಾನೆಲ್ ಮುಚ್ಚಿ ಮೆಸೇಜುಗಳನ್ನು ಕ್ಯೂಗೆ ವಾಪಸ್ ಹಾಕುತ್ತದೆ, ಅದು ಡೀಫಾಲ್ಟ್ ಮಿತಿ. ಲಾಗ್ ತೆಗೆದರೆ ಚಾನೆಲ್ ಮುಚ್ಚಿದ ಸಾಲುಗಳು ಅದೇ ಹೊತ್ತಿಗೆ ಇದ್ದವು. ಆಚೆ ಕಡೆಯ ಎಸ್ಸೆಮ್ಮೆಸ್ ಗೇಟ್‌ವೇ ಉತ್ತರ ಕೊಡದೆ ಸಂಪರ್ಕವನ್ನು ಸುಮ್ನೆ ಹಿಡಿದಿಟ್ಟುಕೊಂಡಿತ್ತು. ವರ್ಕರ್ ಕೋಡಿನಲ್ಲಿ ಟೈಮ್‌ಔಟ್ ಇರಲಿಲ್ಲ, ಒಮ್ಮೆಗೆ ಎಷ್ಟು ಮೆಸೇಜ್ ಎತ್ತಿಕೊಳ್ಳಬಹುದು ಎನ್ನುವ ಪ್ರೀಫೆಚ್ ಮಿತಿಯೂ ಇರಲಿಲ್ಲ. ಮಿತಿ ಇಲ್ಲದಿದ್ದರೆ ವರ್ಕರ್ ಬಂದದ್ದನ್ನೆಲ್ಲ ತನ್ನ ಮಡಿಲಿಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಕ್ಯೂ ಖಾಲಿ ಎಂದು ಕಾಣುತ್ತದೆ. ಅಷ್ಟೂ ಮೆಸೇಜ್ ವರ್ಕರ್ ಕೈಯಲ್ಲಿ ಕೊಳೆಯುತ್ತಿರುತ್ತದೆ.

ಡೆವಲಪರ್ ಜೊತೆ ಕೂತು ಎರಡನ್ನೂ ಹಾಕಿಸಿದೆ: ಗೇಟ್‌ವೇ ಕರೆಗೆ ಹತ್ತು ಸೆಕೆಂಡ್ ಟೈಮ್‌ಔಟ್, ಒಬ್ಬ ವರ್ಕರಿಗೆ ಇಪ್ಪತ್ತರ ಪ್ರೀಫೆಚ್. ಈಗ ಆಚೆ ಕಡೆ ನಿಂತರೆ ರೆಡಿ ಅಂಕಿಯೇ ಏರುತ್ತದೆ, ಕಣ್ಣಿಗೆ ಬೀಳುತ್ತದೆ. ಮಾನಿಟರಿಂಗ್ ಅಂದರೆ ಸರ್ವರ್ ಕಡೆಯವರ ಕೆಲಸ ಎಂದು ಬಿಟ್ಟರೆ ಇಂಥದ್ದು ಸಿಗುವುದಿಲ್ಲ. ಕೋಡ್ ಬರೆಯುವವರು ಪಕ್ಕದಲ್ಲಿ ಇರಲೇಬೇಕು.

ಇದಾದ ಮೇಲೆ ನನಗೆ ಅತಿ ಮುಖ್ಯ ಎನಿಸಿದ ಅಳತೆ ಒಂದೇ: ಮೆಸೇಜ್ ಎಷ್ಟು ಹೊತ್ತು ಕಾಯಿತು? ಐವತ್ತು ಸಾವಿರ ಮೆಸೇಜ್ ಇದ್ದರೂ ಒಂದು ನಿಮಿಷದಲ್ಲಿ ಮುಗಿಯುವುದಾದರೆ ಚಿಂತೆ ಇಲ್ಲ. ಹತ್ತೇ ಮೆಸೇಜ್ ಇದ್ದು ಬೆಳಗಿನಿಂದ ಕದಲದಿದ್ದರೆ ಅದು ತೊಂದರೆ. ಕಳಿಸುವಾಗ ಪಬ್ಲಿಷರ್ ಮೆಸೇಜಿನ ಮೇಲೆ ಸಮಯ ಬರೆಯುತ್ತದೆ. ಕೆಲಸ ಮುಗಿಸಿದ ವರ್ಕರ್ ಆ ಸಮಯಕ್ಕೂ ಮುಗಿಸಿದ ಸಮಯಕ್ಕೂ ಇರುವ ವ್ಯತ್ಯಾಸ ಲೆಕ್ಕ ಹಾಕಿ ಪ್ರೊಮೀಥಿಯಸ್‌ಗೆ ಕೊಡುತ್ತದೆ. ಜೊತೆಗೆ ಕೊನೆಯ ಕೆಲಸ ಯಾವಾಗ ಮುಗಿಯಿತು ಎನ್ನುವುದನ್ನೂ ಕೊಡುತ್ತದೆ. ಇದು ಬೇಕೇ ಬೇಕು, ಯಾಕೆಂದರೆ ವರ್ಕರ್ ಪೂರ್ತಿ ನಿಂತರೆ ಕಾದ ಹೊತ್ತಿನ ಅಂಕಿಯೇ ಬರುವುದಿಲ್ಲ, ಗ್ರಾಫ್ ಸಪ್ಪಗೆ ಇದ್ದುಬಿಡುತ್ತದೆ. ಸರ್ವರುಗಳ ಗಡಿಯಾರ ಎನ್‌ಟಿಪಿ ಮೂಲಕ ಹೊಂದಿಕೊಂಡಿರಲಿ, ಇಲ್ಲದಿದ್ದರೆ ಈ ಲೆಕ್ಕಕ್ಕೆ ಅರ್ಥವಿಲ್ಲ.

ಅಲರ್ಟ್ ಕಡಿಮೆ ಇದ್ದಷ್ಟೂ ಒಳ್ಳೆಯದು. ರಾತ್ರಿ ಫೋನ್ ಬಾರಿಸುವುದು ಕೆಲವಕ್ಕೆ ಮಾತ್ರ: ಒಂದು ಕ್ಯೂಗೆ ಐದು ನಿಮಿಷದಿಂದ ಕನ್ಸ್ಯೂಮರೇ ಇಲ್ಲ, ಮೆಸೇಜ್ ಬಾಕಿ ಇದ್ದೂ ಹತ್ತು ನಿಮಿಷದಿಂದ ಯಾವ ಕೆಲಸವೂ ಮುಗಿದಿಲ್ಲ, ಅಥವಾ ಪ್ರೊಮೀಥಿಯಸ್‌ಗೆ ಸರ್ವರೇ ಸಿಗುತ್ತಿಲ್ಲ. ಕೆಲಸ ಆಗದೆ ಉಳಿದ ಮೆಸೇಜುಗಳನ್ನು ಹಾಕುವ ಡೆಡ್ ಲೆಟರ್ ಕ್ಯೂಗೆ ಮೆಸೇಜ್ ಬಿದ್ದರೆ ಚಾಟ್ ಗುಂಪಿಗೆ ಒಂದು ಸಾಲು ಸಾಕು, ಬೆಳಿಗ್ಗೆ ನೋಡಬಹುದು. ಸಿಪಿಯು ಜಾಸ್ತಿ ಆಯಿತು ಎಂದು ಯಾರನ್ನೂ ಎಬ್ಬಿಸುವುದಿಲ್ಲ.

ಮೆಮೊರಿ ಮತ್ತು ಡಿಸ್ಕ್ ಮಾತ್ರ ಬೇರೆ ಲೆಕ್ಕ. ಮೆಮೊರಿ ಮಿತಿ ದಾಟಿದರೆ ರ‍್ಯಾಬಿಟ್‌ಎಂಕ್ಯೂ ಮೆಸೇಜ್ ಕಳಿಸುವವರನ್ನು ತಡೆದು ನಿಲ್ಲಿಸುತ್ತದೆ. ಹಲವು ಸರ್ವರ್ ಸೇರಿದ ಕ್ಲಸ್ಟರಿನ ಒಂದು ನೋಡ್ (ಒಂದು ಸರ್ವರ್) ದಾಟಿದರೂ ಎಲ್ಲ ನೋಡ್‌ಗಳಲ್ಲೂ ತಡೆ ಬೀಳುತ್ತದೆ. ಆಗ ವೆಬ್‌ಸೈಟೇ ಸಿಕ್ಕಿಹಾಕಿಕೊಳ್ಳುತ್ತದೆ. ಹಳೆಯ ಆವೃತ್ತಿಗಳಲ್ಲಿ ಈ ಮಿತಿ ಒಟ್ಟು ರ‍್ಯಾಮಿನ 40 ಶೇಕಡಾ, 4.0ರಿಂದ 60. ನಾನು ಮಿತಿಯ ಮುಕ್ಕಾಲು ಭಾಗಕ್ಕೇ ಎಚ್ಚರಿಕೆ ಇಟ್ಟಿದ್ದೇನೆ. ಡಿಸ್ಕಿನ ಡೀಫಾಲ್ಟ್ ಮಿತಿ ಬರೀ 50 ಎಂಬಿ. ನಿಜವಾದ ಕೆಲಸಕ್ಕೆ ಅದು ಏನೇನೂ ಸಾಲದು. ರ‍್ಯಾಮ್ ಎಷ್ಟಿದೆಯೋ ಕನಿಷ್ಠ ಅಷ್ಟು ಜಾಗ ಖಾಲಿ ಇರಬೇಕು ಎಂದು ಬದಲಾಯಿಸಿದೆ.

ಅಲರ್ಟ್ ಬರೆದು ಬಿಟ್ಟರೆ ಆಗಲಿಲ್ಲ, ಅದು ಬಾರಿಸುತ್ತದಾ ಎಂದು ನೋಡಬೇಕು ಅಲ್ವಾ? ಪರೀಕ್ಷೆಗೆ ಇಟ್ಟ ಸ್ಟೇಜಿಂಗ್ ಸರ್ವರಿನಲ್ಲಿ ವರ್ಕರ್ ನಿಲ್ಲಿಸಿ ಫೋನ್ ಬರುವವರೆಗೆ ಕಾದೆ. ಮೆಮೊರಿ ಅಲರ್ಟಿಗೆ ಸುಲಭದ ದಾರಿ ಇದೆ. ಓಡುತ್ತಿರುವಾಗಲೇ ಮಿತಿಯನ್ನು ಸೊನ್ನೆ ಮಾಡಿದರೆ ಅಲಾರಂ ಕೂಡಲೇ ಎದ್ದು ಕಳಿಸುವವರೆಲ್ಲ ನಿಲ್ಲುತ್ತಾರೆ. ಆಗ ನಿಮ್ಮ ವೆಬ್‌ಸೈಟ್ ಹೇಗೆ ವರ್ತಿಸುತ್ತದೆ ಎನ್ನುವುದನ್ನೂ ನೋಡಿಕೊಳ್ಳಿ. ಈ ಬದಲಾವಣೆ ಆ ಒಂದು ನೋಡ್‌ಗೆ ಮಾತ್ರ. ಮರೆಯದೆ ಹಳೆಯ ಅಂಕಿಗೆ ತನ್ನಿ. ನೋಡ್ ರೀಸ್ಟಾರ್ಟ್ ಆದರಂತೂ ಕಾನ್ಫಿಗ್ ಫೈಲಿನ ಅಂಕಿಯೇ ವಾಪಸ್ ಬರುತ್ತದೆ.