ಪಂಪ್‌ಹೌಸ್‌ನ ಎಸ್‌ಡಿ ಕಾರ್ಡ್ ಮತ್ತು ಇಎಕ್ಸ್‌ಟಿ4: ನನ್ನ ಅನುಭವ

ತಿಪಟೂರಿನ ಹತ್ತಿರ ನಮ್ಮ ತೆಂಗಿನ ತೋಟ. ಪಂಪ್‌ಹೌಸ್‌ನಲ್ಲಿ ರಾಸ್ಪ್‌ಬೆರಿ ಪೈ ಅನ್ನುವ, ಎಸ್‌ಡಿ ಕಾರ್ಡಿನಿಂದ ಓಡುವ ಒಂದು ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. ಮೋಟಾರು ಎಳೆಯುವ ಕರೆಂಟು, ಮಣ್ಣಿನ ತೇವ ಎರಡನ್ನೂ ಐದು ಸೆಕೆಂಡಿಗೊಮ್ಮೆ ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸ್‌ಗೆ ಬರೆಯುತ್ತದೆ. ಕಾರ್ಡಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿಗೆ ಫೈಲ್‌ಸಿಸ್ಟಂ ಅನ್ನುತ್ತಾರೆ. ಇಎಕ್ಸ್‌ಟಿ4 ಅಂಥದ್ದೊಂದು; ಮಾಡಹೊರಟ ಬದಲಾವಣೆಯನ್ನು ಮೊದಲೇ ಜರ್ನಲ್ ಅನ್ನುವ ಕಡೆ ಬರೆದಿಟ್ಟು, ಕರೆಂಟು ಹೋದರೆ ಅದನ್ನು ನೋಡಿ ಸರಿಮಾಡಿಕೊಳ್ಳುತ್ತದೆ. ಹಳೆಯ ಇಎಕ್ಸ್‌ಟಿ2ಗೆ ಜರ್ನಲ್ ಇಲ್ಲ. ಬರೆದಷ್ಟೂ ಕಾರ್ಡಿನ ಫ್ಲ್ಯಾಶ್ ಮೆಮೊರಿ ಸವೆಯುತ್ತದೆ, ಹಾಗಾಗಿ ಶುರುವಿನಲ್ಲಿ ಗೆಳೆಯರದೆಲ್ಲ ಒಂದೇ ಮಾತು: "ಫ್ಲ್ಯಾಶ್ ಮೇಲೆ ಜರ್ನಲ್ ಬೇಡ, ಕಾರ್ಡ್ ತಿಂದುಹಾಕುತ್ತೆ. ಇಎಕ್ಸ್‌ಟಿ2 ಹಾಕು."

ಹಾಕಿದೆ. ಒಂದೇ ವರ್ಷದಲ್ಲಿ ಮೂರು ಸಲ ಕೈಕೊಟ್ಟಿತು. ಪ್ರತಿ ಸಲವೂ ಅದೇ ಕತೆ. ಕರೆಂಟು ಹೋಗಿ ಬಂದ ಮೇಲೆ ಬೂಟ್ ಅರ್ಧಕ್ಕೆ ನಿಂತು, ಫೈಲ್‌ಸಿಸ್ಟಂ ರಿಪೇರಿ ಮಾಡುವ ಎಫ್‌ಎಸ್‌ಸಿಕೆಯನ್ನು ಕೈಯಾರೆ ಓಡಿಸು ಅಂತ ಕೂತಿರುತ್ತಿತ್ತು. ಬೆಂಗಳೂರಿನಿಂದ ಹೋಗಿ ಬರುವ ಖರ್ಚು, ಹಾಳಾದ ಒಂದು ದಿನದ ಕೆಲಸ, ಹೊಸ ಕಾರ್ಡು ಎಲ್ಲ ಸೇರಿ ಆರೇಳು ಸಾವಿರ ಹೋಯಿತು. ಒಂದು ಕಾರ್ಡ್ ಅಂತೂ ನಕಲಿ. ಕಾರ್ಡಿನ ನಿಜವಾದ ಅಳತೆ ಪರೀಕ್ಷಿಸುವ ಎಫ್3 ಅನ್ನುವ ತಂತ್ರಾಂಶ ಹಾಕಿ ನೋಡಿದರೆ 32 ಜಿಬಿ ಅಂತ ಬರೆದದ್ದರಲ್ಲಿ ನಿಜವಾಗಿ ಇದ್ದದ್ದು 8 ಜಿಬಿಯೂ ಇಲ್ಲ. ಈಗ ಎಫ್3 ಓಡಿಸದೆ ಯಾವ ಕಾರ್ಡನ್ನೂ ಪೈಗೆ ಹಾಕುವುದಿಲ್ಲ.

ಆಮೇಲೆ ಹಟಕ್ಕೆ ಬಿದ್ದು ಇಎಕ್ಸ್‌ಟಿ4 ಹಾಕಿ ಅಳೆದೆ. ಎಷ್ಟು ಬರೆದಿದ್ದೇನೆ ಅಂತ ಇಎಕ್ಸ್‌ಟಿ4 ಲೆಕ್ಕ ಇಡುವ ಲೈಫ್‌ಟೈಮ್ ರೈಟ್ ಕೆಬೈಟ್ಸ್ ಫೈಲೇ ಹೇಳುತ್ತದೆ, ಅಲ್ವಾ? ದಿನಕ್ಕೆ ಸುಮಾರು 1 ಜಿಬಿ! ನನ್ನ ಡೇಟಾ ಇರುವುದು ಒಂದೆರಡು ಎಂಬಿ. ತಪ್ಪು ಜರ್ನಲ್‌ದಲ್ಲ. ಪ್ರತಿ ರೀಡಿಂಗ್‌ಗೂ ಎಸ್‌ಕ್ಯೂಲೈಟ್ ಎಫ್‌ಸಿಂಕ್, ಅಂದರೆ "ಈಗಲೇ ಕಾರ್ಡಿಗೆ ಬರೆ" ಅನ್ನುವ ಆಜ್ಞೆ, ಹೊಡೆಯುತ್ತಿತ್ತು. ದಿನಕ್ಕೆ 17,280 ಸಲ! ಇಎಕ್ಸ್‌ಟಿ4 ತಾನಾಗಿ ಕಾರ್ಡಿಗೆ ಬರೆಯುವ ಕಮಿಟ್ ಅವಧಿಯನ್ನು 5 ಸೆಕೆಂಡಿನಿಂದ 60ಕ್ಕೆ ಏರಿಸಿದ್ದೆ. ಆದರೆ ಎಫ್‌ಸಿಂಕ್ ಮುಂದೆ ಅದು ನಡೆಯುವುದಿಲ್ಲ.

ಹಾಗಾಗಿ ರೀಡಿಂಗ್‌ಗಳನ್ನು ಮೆಮೊರಿಯಲ್ಲಿ ಕೂಡಿಟ್ಟು, ಹತ್ತು ನಿಮಿಷಕ್ಕೊಮ್ಮೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಒಟ್ಟಿಗೆ ಒಂದೇ ಸಲ, ಬರೆಯಲು ಬಿಟ್ಟೆ. ಫೈಲ್ ಓದಿದಾಗಲೆಲ್ಲ ಸಮಯ ಬರೆಯದ ಹಾಗೆ ನೋಎಟೈಮ್ ಹಾಕಿದೆ, ಕಾರ್ಡನ್ನೇ ಮೆಮೊರಿಯಂತೆ ಬಳಸುವ ಸ್ವಾಪ್ ತೆಗೆದೆ, ಲಾಗ್‌ಗಳನ್ನು ಮೆಮೊರಿಯಲ್ಲೇ ಇರುವ ಟಿಎಂಪಿಎಫ್‌ಎಸ್‌ಗೆ ಕಳಿಸಿದೆ. ಬರೆಯುವುದು ದಿನಕ್ಕೆ 50-60 ಎಂಬಿಗೆ ಇಳಿಯಿತು. ಕರೆಂಟು ಹೋಗುವ ಗಳಿಗೆಯಲ್ಲಿ ಆ ಹತ್ತು ನಿಮಿಷವೂ ಕಳೆಯದ ಹಾಗೆ ಒಂದು ಸಣ್ಣ ಸರ್ಕ್ಯೂಟ್ ಮಾಡಿದ್ದೇನೆ. ಅದು ಹೇಗೆ ಅಂತ ಸದ್ಯಕ್ಕೆ ನನ್ನಲ್ಲೇ ಇರಲಿ.

ಸುಮ್ನೆ ನೋಡೋಣ ಅಂತ ಫೈಲ್‌ಸಿಸ್ಟಂ ಸೆಟ್ಟಿಂಗ್ ಬದಲಿಸುವ ಟ್ಯೂನ್2ಎಫ್‌ಎಸ್‌ನಿಂದ ಜರ್ನಲ್ ತೆಗೆದು ಒಂದು ವಾರ ಓಡಿಸಿದೆ. ಉಳಿತಾಯವಾದದ್ದು ದಿನಕ್ಕೆ 10-15 ಎಂಬಿ, ಅಷ್ಟೇ. ಅಷ್ಟಕ್ಕೋಸ್ಕರ ಮೂರು ಸಲ ತಿಪಟೂರಿಗೆ ಓಡಿದ್ದೆ! ಹಳೇ ಕಾರ್ಡಿನ ಮೇಲೆ ಫ್ಲ್ಯಾಶ್‌ಗೆಂದೇ ಮಾಡಿದ ಎಫ್2ಎಫ್‌ಎಸ್ ಫೈಲ್‌ಸಿಸ್ಟಂ ಕೂಡ ಹಾಕಿದ್ದೆ. ಚುರುಕಾಗಿತ್ತು. ಆದರೆ ಇಎಕ್ಸ್‌ಟಿ4 ಕೆಟ್ಟರೆ ರಿಪೇರಿ ಮಾಡಿ ಕೈ ಪಳಗಿದೆ, ಅದಕ್ಕೇ ಉಳಿದುಕೊಂಡೆ.

ಇಎಕ್ಸ್‌ಟಿ4 ಹಾಕಿದ ಆ ಕಾರ್ಡ್ ಈಗ ನಾಲ್ಕನೇ ವರ್ಷ ಓಡುತ್ತಿದೆ. ಹೋದ ಮುಂಗಾರಿನಲ್ಲಿ ಒಂದೇ ಸಂಜೆ ಏಳು ಸಲ ಕರೆಂಟು ಹೋಯಿತು. ಬೆಂಗಳೂರಿನಲ್ಲೇ ಕೂತು ಒಂದೊಂದು ಬೂಟ್ ಆದ ಮೇಲೂ ಕರ್ನಲ್ ಲಾಗ್ ತೆಗೆದು ನೋಡಿದೆ. ಜರ್ನಲ್ ನೋಡಿ ತಾನೇ ಸರಿಮಾಡಿಕೊಂಡೆ ಅನ್ನುವ ಅದೇ ಸಾಲು ಏಳು ಸಲವೂ: "ರಿಕವರಿ ಕಂಪ್ಲೀಟ್".